ಕಂಪೋಸ್ ಅಪ್ ಕೊಟ್ಟ ತಕ್ಷಣ ವಿಪಿಎನ್‌ನವರಿಗೆ ಸರ್ವರ್ ಸಿಗುತ್ತಿಲ್ಲ

ಪ್ರಶ್ನೆ
ಉಬುಂಟು 22.04 ಸರ್ವರ್, ವಿಳಾಸ 10.20.4.15. ವಿಪಿಎನ್‌ನಲ್ಲಿ ಬರುವವರಿಗೆ 172.18.0.0/16 ರಲ್ಲಿ ಐಪಿ ಸಿಗುತ್ತದೆ. ಡಾಕರ್ ಕಂಪೋಸ್ ಅಪ್ (ಕಂಟೇನರ್‌ಗಳನ್ನೂ ಅವುಗಳ ನೆಟ್‌ವರ್ಕನ್ನೂ ಶುರು ಮಾಡುವ ಆದೇಶ) ಕೊಟ್ಟಾಗಿನಿಂದ ಅವರಿಗೆ ಎಸ್‌ಎಸ್‌ಎಚ್ ಇಲ್ಲ, ಪಿಂಗ್ ಇಲ್ಲ. ಪಕ್ಕದ 10.20.4.16 ರಿಂದ ಎಲ್ಲವೂ ಸರಿ. ಕಂಟೇನರ್ ಸ್ಟಾಪ್ ಮಾಡಿದರೂ ಅದೇ ಕಥೆ. ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್‌ನಲ್ಲಿ ಸಿನ್ (ಸಂಪರ್ಕ ಕೋರುವ ಮೊದಲ ಪ್ಯಾಕೆಟ್) ಬರುವುದು ಕಾಣುತ್ತದೆ, ಉತ್ತರ ಹೊರಡುವುದು ಕಾಣುವುದಿಲ್ಲ. ಫೈರ್‌ವಾಲ್ ಮುಟ್ಟಿಲ್ಲ.

ಉತ್ತರ 1
ಫೈರ್‌ವಾಲ್ ಅಲ್ಲ, ರೂಟ್ ಟೇಬಲ್ ನೋಡಿ. ಸರ್ವರ್‌ನಲ್ಲಿ 'ಐಪಿ ರೂಟ್ ಗೆಟ್ 172.18.5.20' ಕೊಟ್ಟರೆ ಇಥರ್ನೆಟ್ ಬದಲು 'ಬಿಆರ್-' ಎಂದು ಶುರುವಾಗುವ ಬ್ರಿಡ್ಜ್ (ಕಂಟೇನರ್‌ಗಳನ್ನು ಜೋಡಿಸುವ ವರ್ಚುವಲ್ ಸ್ವಿಚ್) ಹೆಸರು ಬರುತ್ತದೆ. ಡಾಕರ್‌ನ ಮೂಲ ಬ್ರಿಡ್ಜ್ 172.17 ಹಿಡಿಯುತ್ತದೆ, ಮೊದಲ ಕಂಪೋಸ್ ನೆಟ್‌ವರ್ಕ್ ಸಾಮಾನ್ಯವಾಗಿ 172.18. ನಿಮ್ಮ ವಿಪಿಎನ್ ಡಿಫಾಲ್ಟ್ ಗೇಟ್‌ವೇ ಆಚೆ ಇರುವುದರಿಂದ ಆ ರೇಂಜ್ ಬಳಕೆಯಲ್ಲಿದೆ ಎಂದು ಡಾಕರ್‌ಗೆ ತಿಳಿಯುವ ದಾರಿಯೇ ಇಲ್ಲ. ಪ್ಯಾಕೆಟ್ ಮುಂಬಾಗಿಲಿಂದ ಬರುತ್ತಿದೆ, ಉತ್ತರ ಹಿತ್ತಲಿಗೆ ಹೋಗುತ್ತಿದೆ. ಆರ್‌ಪಿ ಫಿಲ್ಟರ್ (ಉತ್ತರದ ದಾರಿ ಬೇರೆಯಾದರೆ ಬಂದ ಪ್ಯಾಕೆಟ್ ತಡೆಯುವ ಕರ್ನಲ್ ಸೆಟ್ಟಿಂಗ್) 1 ಇದ್ದರೆ ಉತ್ತರವೂ ಹುಟ್ಟುವುದಿಲ್ಲ, ಕರ್ನಲ್ ಸಿನ್ ಅನ್ನೇ ಬಿಸಾಕುತ್ತದೆ.

ಸ್ಟಾಪ್ ಮಾಡಿದರೆ ಕಂಟೇನರ್ ನಿಲ್ಲುತ್ತದೆ, ಬ್ರಿಡ್ಜ್ ಉಳಿಯುತ್ತದೆ. ರೂಟ್ ಪಕ್ಕದಲ್ಲಿ 'ಲಿಂಕ್‌ಡೌನ್' ಎಂದು ಬಿದ್ದರೂ ಕರ್ನಲ್ ಅದನ್ನೇ ಆರಿಸುತ್ತದೆ. 10.20.4.16 ರ ಮೂಲಕ ಒಳಗೆ ಹೋಗಿ ಕಂಪೋಸ್ ಡೌನ್ ಕೊಡಿ, ಅದು ಬ್ರಿಡ್ಜನ್ನೂ ಅಳಿಸುತ್ತದೆ. ಹೈಫನ್ ವಿ ಸೇರಿಸಬೇಡಿ, ವಾಲ್ಯೂಮ್‌ಗಳೂ (ಉಳಿಸಿಟ್ಟ ಡೇಟಾ) ಹೋಗುತ್ತವೆ.

ಉತ್ತರ 2
ಅದು ಈಗಿನ ಮಟ್ಟಿಗೆ. ಮತ್ತೆ ಅಪ್ ಕೊಟ್ಟರೆ ಮತ್ತೆ 172.18. ಇಟಿಸಿ ಡಾಕರ್ ಫೋಲ್ಡರ್‌ನ ಡೇಮನ್ ಜೇಸನ್ ಫೈಲ್‌ನಲ್ಲಿ ಎರಡು ಸೆಟ್ಟಿಂಗ್ ಬೇಕು. 'ಬಿಐಪಿ'ಗೆ (ಮೂಲ ಬ್ರಿಡ್ಜ್‌ನ ಐಪಿ) 10.200.0.1/24. 'ಡಿಫಾಲ್ಟ್ ಅಡ್ರೆಸ್ ಪೂಲ್ಸ್'ನಲ್ಲಿ (ಹೊಸ ನೆಟ್‌ವರ್ಕ್‌ಗಳಿಗೆ ರೇಂಜ್ ಕೊಡುವ ಪಟ್ಟಿ) ಬೇಸ್ 10.201.0.0/16, ಸೈಜ್ 24. ಇದರಿಂದ 256 ನೆಟ್‌ವರ್ಕ್ ಸಿಗುತ್ತವೆ.

ಎಡವುವುದು ಇಲ್ಲೇ: ಬಿಐಪಿಗೆ 10.200.0.0 ಬರೆದರೆ ನಡೆಯದು, ಅದು ಬ್ರಿಡ್ಜ್‌ನ ಸ್ವಂತ ವಿಳಾಸ ಆಗಿರಬೇಕು. ಸೈಜ್‌ಗೆ ಕೋಟ್ ಬೇಡ. ಕೊನೆಯಲ್ಲೊಂದು ಕಾಮಾ ಉಳಿದರೂ ಡಾಕರ್ ಮೇಲೇಳುವುದಿಲ್ಲ. ಡಾಕರ್‌ಡಿಗೆ (ಡಾಕರ್‌ನ ಹಿನ್ನೆಲೆ ಸೇವೆ) 'ವ್ಯಾಲಿಡೇಟ್' ಆಯ್ಕೆ ಕೊಟ್ಟು ಪರೀಕ್ಷಿಸಿ, ಆಮೇಲೆ ರೀಸ್ಟಾರ್ಟ್ ಮಾಡಿ.

ಪ್ರಶ್ನೆ ಕೇಳಿದವರು
ಧನ್ಯವಾದ ಸರ್. ರೀಸ್ಟಾರ್ಟ್ ಆಯಿತು, ಮೂಲ ಬ್ರಿಡ್ಜ್ ಡಾಕರ್‌ಜೀರೋ 10.200 ಕ್ಕೆ ಬಂತು. ಇನ್ನೊಂದು ಪ್ರಾಜೆಕ್ಟ್ ಮಾತ್ರ ಇನ್ನೂ 172.19 ರಲ್ಲೇ ಇದೆ.

ಉತ್ತರ 2
ಪೂಲ್ ಅನ್ವಯವಾಗುವುದು ಹೊಸದಾಗಿ ಹುಟ್ಟುವ ನೆಟ್‌ವರ್ಕ್‌ಗೆ ಮಾತ್ರ. ಆ ಪ್ರಾಜೆಕ್ಟನ್ನೂ ಡೌನ್ ಮಾಡಿ ಅಪ್ ಮಾಡಿ. ರೀಸ್ಟಾರ್ಟ್ ಸಾಲದು. ಆಮೇಲೂ ಬದಲಾಗದಿದ್ದರೆ ಕಂಪೋಸ್ ಫೈಲ್‌ನಲ್ಲಿ ಸಬ್‌ನೆಟ್ ಅನ್ನು ಯಾರೋ ಕೈಯಾರೆ ಬರೆದಿರುತ್ತಾರೆ, ಇಲ್ಲವೇ ನೆಟ್‌ವರ್ಕ್ 'ಎಕ್ಸ್‌ಟರ್ನಲ್' (ಕಂಪೋಸ್‌ನ ಹೊರಗೆ ಸೃಷ್ಟಿಸಿದ್ದು) ಆಗಿರುತ್ತದೆ. ಎಕ್ಸ್‌ಟರ್ನಲ್ ಆದರೆ ಡೌನ್ ಅದನ್ನು ಅಳಿಸುವುದಿಲ್ಲ, ನೀವೇ ಅಳಿಸಿ ಮತ್ತೆ ಸೃಷ್ಟಿಸಬೇಕು.

ಉತ್ತರ 3
10.201 ಅನ್ನು ಕಣ್ಣುಮುಚ್ಚಿ ನಕಲು ಮಾಡಬೇಡಿ. ನೆಟ್‌ವರ್ಕ್ ತಂಡದವರನ್ನು ಕೇಳಿ ಒಂದು /16 ಬರೆಸಿಕೊಳ್ಳಿ, ಇಲ್ಲದಿದ್ದರೆ ನಾಳೆ ಕ್ಲೌಡ್‌ನ ವಿಪಿಸಿ (ಖಾಸಗಿ ನೆಟ್‌ವರ್ಕ್) ಜತೆ ಇದೇ ಜಗಳ. ಕ್ಯೂಬರ್ನೆಟಿಸ್ (ಹಲವು ಸರ್ವರ್‌ಗಳಲ್ಲಿ ಕಂಟೇನರ್ ನಡೆಸುವ ವ್ಯವಸ್ಥೆ) ಇದ್ದರೆ ಇನ್ನೂ ಎಚ್ಚರ: ಅದರ ನೆಟ್‌ವರ್ಕ್ ಸಾಧನ ಫ್ಲಾನೆಲ್‌ನ ಪಾಡ್‌ಗಳು (ಕಂಟೇನರ್ ಗುಂಪುಗಳು) 10.244.0.0/16, ಅದರ ಹಗುರ ಆವೃತ್ತಿ ಕೆ3ಎಸ್‌ನಲ್ಲಿ 10.42 ಮತ್ತು 10.43, ಅದನ್ನು ಸ್ಥಾಪಿಸುವ ಕ್ಯೂಬ್‌ಅಡ್ಮಿನ್‌ನ ಸರ್ವಿಸ್‌ಗಳು 10.96.0.0/12, ಅಂದರೆ 10.111 ರವರೆಗೂ. 100.64.0.0/10 ಖಾಲಿ ಅನ್ನಿಸಬಹುದು, ಟೇಲ್‌ಸ್ಕೇಲ್ ವಿಪಿಎನ್ ಕೂತಿರುವುದು ಅಲ್ಲೇ.