ಆಟೋಮಾರ್ಫಿಕ್ ಫಾರ್ಮ್‌ಗೆ ಕನ್ನಡ ಪದ (ಫಲಕಕ್ಕಾಗಿ, ತುರ್ತು)

ಮಾನ್ಯರೆ,
ಕಲಬುರಗಿಯ ನಮ್ಮ ಕಾಲೇಜಿನಲ್ಲಿ ನಡೆಯಲಿರುವ ಗಣಿತ ಕಾರ್ಯಾಗಾರದ ಫಲಕ ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕಾಗಿದೆ. ‘ಸಂಖ್ಯಾಶಾಸ್ತ್ರ ಮತ್ತು ಸ್ವಯಂರೂಪಗಳಲ್ಲಿ ಸಹಯೋಗಿ ಸಂಶೋಧನೆಗೆ ನೆರವು’ ಎಂದು ಬರೆದುಕೊಂಡಿದ್ದೇನೆ. ಆಟೋಮಾರ್ಫಿಕ್ ಫಾರ್ಮ್‌ಗೆ ‘ಸ್ವಯಂರೂಪ’ ಸಲ್ಲುವುದೇ, ದಯವಿಟ್ಟು ತಿಳಿಸಿರಿ.
— ಕಲಬುರಗಿಯಿಂದ

ಸಲ್ಲದು. ಅದಕ್ಕೂ ಮೊದಲು ‘ಸಂಖ್ಯಾಶಾಸ್ತ್ರ’ವನ್ನು ತೆಗೆಯಿರಿ, ಆ ಹೆಸರನ್ನು ಅಂಕಿಅಂಶದವರೂ, ಹೆಸರಿನ ಅಕ್ಷರ ಬದಲಿಸಿ ಭವಿಷ್ಯ ಹೇಳುವವರೂ ಹಂಚಿಕೊಂಡು ಬಹಳ ಕಾಲವಾಯಿತು. ‘ಸಂಖ್ಯಾಸಿದ್ಧಾಂತ’ ಎಂದಿರಲಿ. ಇನ್ನು ‘ಸ್ವಯಂ’ ಎಂದೊಡನೆ ಓದುಗನಿಗೆ ಸ್ವಯಂಚಾಲಿತ, ಸ್ವಯಂಭೂ ನೆನಪಾಗುತ್ತವೆ. ಇಲ್ಲಿ ತಾನಾಗಿಯೇ ಆಗುವಂಥದ್ದು ಏನೂ ಇಲ್ಲ. ಗಣಿತಜ್ಞ ಪ್ವಾಂಕರೆ ಇನ್ನೊಬ್ಬ ಗಣಿತಜ್ಞ ಫುಕ್ಸನ ಹೆಸರಿಟ್ಟು ಕರೆದ ಉತ್ಪನ್ನಗಳಿಗೆ (ಫಂಕ್ಷನ್‌ಗಳಿಗೆ) ಗಣಿತಜ್ಞ ಕ್ಲೈನ್ ‘ಆಟೋಮಾರ್ಫಿಕ್’ ಎಂಬ ಗ್ರೀಕ್ ಮೂಲದ ಹೆಸರನ್ನು ಕೊಟ್ಟದ್ದು, ಚರಾಕ್ಷರವನ್ನು ಒಂದು ಗ್ರೂಪಿನ (ಒಂದರ ಮೇಲೊಂದು ಮಾಡಬಹುದಾದ, ಹಿಂದಕ್ಕೂ ತಿರುಗಿಸಬಹುದಾದ ಬದಲಾವಣೆಗಳ ಕೂಟದ) ನಿಯಮದಂತೆ ಬದಲಿಸಿದರೂ ಉತ್ಪನ್ನವು ತನ್ನ ರೂಪಕ್ಕೇ ಮರಳುತ್ತದೆ ಎಂಬ ಅರ್ಥದಲ್ಲಿ. ಫಾರ್ಮ್ ಎಂದಾಗ ಅದು ಮರಳುವಾಗ ಒಂದು ಗುಣಕವನ್ನೂ ಜೊತೆಗೆ ತರುತ್ತದೆ. ರಾಮಾನುಜನ್ 1916ರಲ್ಲಿ ಪರಿಶೀಲಿಸಿದ ಟೌ ಸಂಖ್ಯೆಗಳನ್ನು ಸಹಗುಣಕಗಳಾಗಿ ಉಳ್ಳ ಫಾರ್ಮ್‌ನ ತೂಕ 12, ಅಂದರೆ ಆ ಗುಣಕವು ಒಂದು ರೇಖೀಯ ಉಕ್ತಿಯ 12ನೆಯ ಘಾತ. ಟೌ ಸಂಖ್ಯೆಗಳಲ್ಲಿ ಎರಡನೆಯದು ಋಣ 24, ಮೂರನೆಯದು 252; ಎರಡನ್ನೂ ಗುಣಿಸಿದರೆ ಆರನೆಯದಾದ ಋಣ 6048 ಬರುತ್ತದೆ. ಈ ಗುಣಾಕಾರದ ನಿಯಮವನ್ನು ಗಣಿತಜ್ಞ ಮಾರ್ಡೆಲ್ 1917ರಲ್ಲಿ ಸಾಧಿಸಿದರು. ಇಷ್ಟನ್ನು ಹೊತ್ತಿರುವ ಹೆಸರನ್ನು ‘ರೂಪ’ಕ್ಕೆ ಇಳಿಸಬೇಡಿ, ‘ಆಟೋಮಾರ್ಫಿಕ್ ಫಾರ್ಮ್’ ಎಂದೇ ಬರೆಯಿರಿ.
— ಬೀದರದಿಂದ

ಫಲಕದಲ್ಲಿ ‘ಮತ್ತು’, ‘ನೆರವು’ ಎರಡೇ ಕನ್ನಡವಾಗಿ ಉಳಿಯುವುದಾದರೆ ಅದನ್ನು ಕನ್ನಡ ಫಲಕವೆನ್ನುವುದೇಕೆ? ‘ತನ್ಪರಿಜು’ ಎಂದು ಅಚ್ಚಗನ್ನಡದಲ್ಲಿಯೇ ಕಟ್ಟಬಹುದು. ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯರು ಗಣಿತ ಬರೆದ ನಾಡಿದು, ಅವನ ರಾಜಧಾನಿ ಮಳಖೇಡವೇನು ದೂರವಿಲ್ಲ.
— ಯಾದಗಿರಿಯಿಂದ

ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ಬರೆದದ್ದು ಸಂಸ್ಕೃತದಲ್ಲಿ. ‘ಪರಿಜು’ ಹೇಳುವುದು ಆಕಾರವನ್ನು. ‘ಸ್ವಯಂರೂಪ’ದ ತಪ್ಪನ್ನೇ ಅಚ್ಚಗನ್ನಡದಲ್ಲಿ ಮಾಡಿದಂತಾಯಿತು. ನಮ್ಮ ಭಾಗದ ಅಂಗಡಿಗಳವರು ಜಮಾ, ಬಾಕಿ, ವಸೂಲಿ ಎಂದೇ ಲೆಕ್ಕ ಬರೆಯುತ್ತ ಬಂದಿದ್ದಾರೆ. ಪದಗಳು ಅರಬ್ಬಿಯಿಂದ ಬಂದವೆಂದು ಯಾರ ಲೆಕ್ಕವೂ ತಪ್ಪಲಿಲ್ಲ. ‘ಸಹಯೋಗಿ’ಗೆ ಬದಲು ‘ಜಂಟಿ’ ಸಾಕು. ಅರಿಸಮಾಸವಾಯಿತೆಂದು ತಕರಾರು ತೆಗೆಯುವವರು ತೆಗೆಯಲಿ (ತಕರಾರೂ ಅರಬ್ಬಿಯದೇ). ಫಲಕಕ್ಕೆ: ‘ಸಂಖ್ಯಾಸಿದ್ಧಾಂತ ಮತ್ತು ಆಟೋಮಾರ್ಫಿಕ್ ಫಾರ್ಮ್‌ಗಳು: ಜಂಟಿ ಸಂಶೋಧನೆಗೆ ನೆರವು’.
— ಬೀದರದಿಂದ