‘ಮಣ್ಣು ವಾಸನೆ’ಯ ಗಂಜಿ: ಓದುಗರ ಸ್ಪಂದನ

ಸುರತ್ಕಲ್‌ನ ತಾಯಿಯೊಬ್ಬರು ಕಳೆದ ಸಂಚಿಕೆಯಲ್ಲಿ ಬರೆದಿದ್ದರು: “ಮಗನಿಗೆ ಐದು ವರ್ಷ, ಮಗಳಿಗೆ ಮೂರು. ಬೆಳಿಗ್ಗೆ ಇಬ್ಬರಿಗೂ ಹಾಲಿಗೆ ಹಾಕುವ ಅಂಗಡಿಯ ಚಾಕಲೇಟು ಉಂಡೆಗಳೇ ಆಗಬೇಕಿತ್ತು. ಜೂನ್‌ನಲ್ಲಿ ಶಾಲೆ ಶುರುವಾದಾಗ ಅದನ್ನು ನಿಲ್ಲಿಸಿ, ರಾಗಿಹಿಟ್ಟಿಗೆ ನೇಂದ್ರ ಬಾಳೆಕಾಯಿ ಹುಡಿ, ಏಲಕ್ಕಿ, ಬೆಲ್ಲ ಹಾಕಿ ಗಂಜಿ ಮಾಡಿಕೊಟ್ಟೆ. ಮಗ ಮೂಸಿ ನೋಡಿ ‘ಮಣ್ಣು ವಾಸನೆ’ ಎಂದ. ಅಣ್ಣ ಹೇಳಿದ್ದನ್ನೇ ತಂಗಿಯೂ ಹೇಳಿದಳು. ತಿಂಗಳು ಕಳೆಯಿತು, ಬಟ್ಟಲು ಕಂಡರೆ ಇಬ್ಬರದ್ದೂ ಬಾಯಿ ಬಿಗಿ. ಅತ್ತೆ ‘ಪಾಪ ಮಕ್ಕಳು’ ಅಂತ ಬಿಸ್ಕತ್ತು ಕೊಡುತ್ತಾರೆ. ಎಂತ ಮಾಡಲಿ?” ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ತಾಯಿ, ಕದ್ರಿ

ನಿಮ್ಮ ಪತ್ರ ಓದಿ ನಗು ಬಂತು, ಕ್ಷಮಿಸಿ. ಹೋದ ವರ್ಷ ಇದೇ ಜೂನ್‌ನಲ್ಲಿ ನಮ್ಮನೆಯಲ್ಲೂ ಇದೇ ನಾಟಕ ನಡೆದಿತ್ತು. ಹೊಸ ಶಾಲೆ, ಹೊಸ ಬೂಟು, ಹೊಸ ಟೀಚರ್, ಅದರ ಮೇಲೆ ಹೊಸ ಗಂಜಿ! ಏಳೂಮುಕ್ಕಾಲಿಗೆ ವ್ಯಾನ್ ಬಂದು ಹಾರ್ನ್ ಹೊಡೆಯುತ್ತಿರುವಾಗ ಒಂದು ಕೈಯಲ್ಲಿ ಸಾಕ್ಸು ಹಾಕುತ್ತಾ ಇನ್ನೊಂದು ಕೈಯಲ್ಲಿ ಚಮಚ ತುರುಕಿದರೆ ನಮಗಾದರೂ ಗಂಟಲಲ್ಲಿ ಇಳಿದೀತೇ?

ನಾನು ಬೆಳಗಿನ ಪ್ರಯೋಗ ಪೂರ್ತಿ ಬಿಟ್ಟೆ. ಬೆಳಿಗ್ಗೆ ಮಗನಿಗೆ ರೂಢಿಯ ದೋಸೆ. ಗಂಜಿ ಸಂಜೆಗೆ. ಶಾಲೆಯಿಂದ ಬಂದು ಹಸಿವಿನಲ್ಲಿ ಅಡುಗೆಮನೆ ಸುತ್ತುವ ಹೊತ್ತಿಗೆ ಉಪ್ಪಿನಕಾಯಿ ಹಾಕುವ ಪುಟ್ಟ ಬಟ್ಟಲಲ್ಲಿ ಎರಡೇ ಎರಡು ಚಮಚ ಇಟ್ಟೆ. ನಾನೂ ನನ್ನ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತೆ. ‘ತಿನ್ನು’ ಅನ್ನಲಿಲ್ಲ, ಅವನ ಮುಖ ನೋಡಲೂ ಇಲ್ಲ. (ಇದೇ ಕಷ್ಟದ ಕೆಲಸ. ಕಣ್ಣು ತಾನಾಗಿ ಆ ಕಡೆ ಹೋಗುತ್ತದೆ.) ಮೊದಲ ದಿನ ಮುಟ್ಟಲಿಲ್ಲ. ಮೂರನೆಯ ದಿನ ಬೆರಳು ಅದ್ದಿ ನೆಕ್ಕಿದ, ಮುಖ ಸಿಂಡರಿಸಿದ, ಹೋದ. ಗ್ಯಾಸ್ ಬುಕ್ ಮಾಡಿದ ತಾರೀಕು ಬರೆಯುವ ಕ್ಯಾಲೆಂಡರಿನಲ್ಲೇ ಇದನ್ನೂ ಗುರುತು ಹಾಕುತ್ತಿದ್ದೆ. ಎರಡೂ ಚಮಚ ಖಾಲಿಯಾದದ್ದು ಹನ್ನೊಂದನೆಯ ಸಲ.

ಚಾಕಲೇಟು ಉಂಡೆಗಳನ್ನು ಒಮ್ಮೆಗೇ ಬಿಸಾಡಿದ್ದು ಬೇಡವಿತ್ತು ಅಂತ ನನಗೆ ಅನಿಸುತ್ತದೆ. ನಾನು ಗಂಜಿಯ ಮೇಲೆ ಆರು ಉಂಡೆ ಇಡುತ್ತಿದ್ದೆ. ಎರಡು ದಿನ ಬಿಟ್ಟು ಐದು. ಆಮೇಲೆ ನಾಲ್ಕು. ಅವನು ಎಣಿಸುತ್ತಿದ್ದ, ಜಗಳವೂ ಆಯಿತು. ಕೊನೆಗೆ ಒಂದೇ ಉಂಡೆ ಉಳಿದಾಗ ಅದನ್ನೆತ್ತಿ ದಾನ ಕೊಟ್ಟವನ ಹಾಗೆ ತಂಗಿಯ ಬಟ್ಟಲಿಗೆ ಹಾಕಿದ.

ಅತ್ತೆಯವರ ಮೇಲೆ ಸಿಟ್ಟಾಗಬೇಡಿ. ಬಡಿಸುವ ಕೆಲಸ ಅವರಿಗೇ ಒಪ್ಪಿಸಿ. ತಾನು ಬಡಿಸಿದ್ದನ್ನು ಮಕ್ಕಳು ಬಿಟ್ಟರೆ ಅಂತ ಬಿಸ್ಕತ್ತಿನ ಡಬ್ಬ ಅವರೇ ಮೇಲಿನ ಕಪಾಟಿಗೆ ಏರಿಸುತ್ತಾರೆ. ನಮ್ಮನೆಯಲ್ಲಿ ಹಾಗೇ ಆದದ್ದು.

ಅಜ್ಜಿ, ಕುಂದಾಪುರ

ನಾನು ಐದು ಮಕ್ಕಳನ್ನು ಸಾಕಿದವಳು. ನಮ್ಮ ಕಾಲದಲ್ಲಿ ಮಕ್ಕಳು ಉಣ್ಣಲಿಲ್ಲ ಅಂತ ಯಾರೂ ಪತ್ರ ಬರೆಯಲಿಲ್ಲ. ನಮ್ಮ ಅತ್ತೆ ಒಂದೇ ಮಾತು ಹೇಳುತ್ತಿದ್ದರು: “ಹೊಟ್ಟಿ ಹಸದ್ರೆ ಅದೇ ಉಣ್ತ್ ಕಾಣಿ.” ಬಟ್ಟಲು ಹಿಡಿದು ಹಿಂದೆ ಓಡಬೇಡಿ. ಓಡಿದರೆ ಅವಕ್ಕೆ ಅದೊಂದು ಆಟ. ಬೆಲ್ಲ ಹಾಕುವುದಾದರೆ ಓಲೆಬೆಲ್ಲ (ತಾಳೆಬೆಲ್ಲ) ಸಿಕ್ಕಿದರೆ ಹಾಕಿ. ಅದರ ಪರಿಮಳಕ್ಕೆ ರಾಗಿಯ ವಾಸನೆ ಗೊತ್ತೇ ಆಗುವುದಿಲ್ಲ.

ಅಂಗನವಾಡಿ ಕಾರ್ಯಕರ್ತೆ, ಬಂಟ್ವಾಳ ತಾಲೂಕು

ಮನೆಯಲ್ಲಿ ಏನೂ ತಿನ್ನುವುದಿಲ್ಲ ಎಂದು ತಾಯಂದಿರು ಕಣ್ಣೀರು ಹಾಕಿದ ಮಕ್ಕಳು ನಮ್ಮಲ್ಲಿ ಬಂದು ಸಾಲಿನಲ್ಲಿ ಕೂತು ಬಟ್ಟಲು ನೆಕ್ಕುವುದನ್ನು ಹದಿನೆಂಟು ವರ್ಷದಿಂದ ನೋಡುತ್ತಿದ್ದೇನೆ. ಕೈರುಚಿ ನನ್ನದಲ್ಲ, ಸಹಾಯಕಿಯದ್ದೂ ಅಲ್ಲ. ಪಕ್ಕದವ ತಿನ್ನುತ್ತಾನೆ, ಇವನೂ ತಿನ್ನುತ್ತಾನೆ, ಅಷ್ಟೇ ವಿಷಯ. 2024ರಲ್ಲಿ ಸರಕಾರಿ ಶಾಲೆಯ ಮಕ್ಕಳಿಗೆ ವಾರಕ್ಕೆ ಮೂರು ದಿನ ಹಾಲಿಗೆ ರಾಗಿ ಮಾಲ್ಟ್ ಬೆರೆಸಿ ಕೊಡಲು ಶುರು ಮಾಡಿದರಲ್ಲ, ನಮ್ಮ ಪಕ್ಕದ ಶಾಲೆಯಲ್ಲಿ ಮೊದಲ ವಾರ ಕೆಲವರು ಲೋಟ ಹಿಡಿದು ಮುಖ ಮುಖ ನೋಡಿಕೊಂಡರು. ಒಬ್ಬ ದೊಡ್ಡ ಹುಡುಗ ಕುಡಿದು ಮೇಲ್ತುಟಿಯ ಮೇಲೆ ಕಂದು ಮೀಸೆ ಮಾಡಿಕೊಂಡ. ಮರುದಿನ ಎಲ್ಲರಿಗೂ ಮೀಸೆ ಬೇಕಾಯಿತು.

ನಿಮ್ಮ ಮನೆಯಲ್ಲಿ ಆ ದೊಡ್ಡ ಹುಡುಗ ನಿಮ್ಮ ಮಗನೇ. ತಂಗಿಯ ಚಿಂತೆ ಬಿಡಿ, ಅಣ್ಣ ಒಪ್ಪಿದರೆ ಅವಳು ಒಪ್ಪಿದ ಹಾಗೆಯೇ. ಅವನಿಗಿಂತ ಒಂದೆರಡು ವರ್ಷ ದೊಡ್ಡವರಾದ, ಏನು ಕೊಟ್ಟರೂ ತಿನ್ನುವ ಮಕ್ಕಳು ಅಕ್ಕಪಕ್ಕದಲ್ಲಿ ಇದ್ದರೆ ಒಂದು ಭಾನುವಾರ ಕರೆದು ಒಟ್ಟಿಗೆ ಕೂರಿಸಿ. ಇನ್ನೊಂದು, ಒಂದು ಚಮಚ ತಿಂದ ಕೂಡಲೇ ಚಪ್ಪಾಳೆ ತಟ್ಟಬೇಡಿ. ಅಷ್ಟು ಹೊಗಳಿದರೆ ಇದು ಬಹಳ ಕಷ್ಟದ ಕೆಲಸ ಇರಬೇಕು ಅಂತ ಮಗುವಿಗೆ ಗೊತ್ತಾಗಿಬಿಡುತ್ತದೆ.

ಗೃಹಿಣಿ, ಪುತ್ತೂರು

ಎಲ್ಲರೂ ಮಗುವಿನ ಮನಸ್ಸಿನ ಬಗ್ಗೆ ಬರೆಯುತ್ತಾರೆ. ನಾನು ಗಂಜಿಯ ಬಗ್ಗೆ ಬರೆಯುತ್ತೇನೆ. ‘ಮಣ್ಣು ವಾಸನೆ’ ಅಂದ ನಿಮ್ಮ ಮಗನ ಮೂಗು ಸರಿಯಾಗಿಯೇ ಉಂಟು! ಹಸಿ ರಾಗಿಹಿಟ್ಟು ಅರ್ಧಂಬರ್ಧ ಬೆಂದರೆ ಮಣ್ಣಿನ ವಾಸನೆಯೇ ಬರುವುದು. ಹಿಟ್ಟನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿಯಿರಿ. ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ ಆಮೇಲೆ ಒಲೆಗೆ ಇಡಿ. ಬಿಸಿನೀರಿಗೆ ಹಿಟ್ಟು ಸುರಿದರೆ ಗಂಟು ಕಟ್ಟಿತೆಂದೇ ಲೆಕ್ಕ. ಕುದಿ ಬಂದ ಮೇಲೂ ಏಳೆಂಟು ನಿಮಿಷ ಕೈ ಬಿಡದೆ ತೊಳಸಿ. ಬಣ್ಣ ಗಾಢವಾಗಿ, ಮೇಲೆ ಹೊಳಪು ಬರಬೇಕು. ಬಾಳೆಕಾಯಿ ಹುಡಿ ಬೇಗ ದಪ್ಪಗಾಗುವ ವಸ್ತು, ಹಿಟ್ಟಿನ ಕಾಲು ಭಾಗಕ್ಕಿಂತ ಹೆಚ್ಚು ಹಾಕಿದರೆ ಗಂಜಿ ಅಂಟಿನ ಹಾಗಾಗುತ್ತದೆ. ಅಂಗುಳಿಗೆ ಅಂಟುವುದನ್ನು ಮಕ್ಕಳು ಉಗಿಯುತ್ತವೆ. ರುಚಿಯ ತಕರಾರು ಆಮೇಲಿನದು.

ಮೊಳಕೆ ರಾಗಿಯ ಹುಡಿ ಇದ್ದರೆ ಇನ್ನೂ ಒಳ್ಳೆಯದು. ರಾಗಿಯನ್ನು ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿಟ್ಟರೆ ಒಂದೆರಡು ದಿನದಲ್ಲಿ ಬಿಳಿ ಮೊಳಕೆ ಬರುತ್ತದೆ. ಒಣಗಿಸಿ ಹುಡಿ ಮಾಡಿ. ಈ ಆಟಿ ತಿಂಗಳ (ತುಳುವರ ಮಳೆಗಾಲದ ತಿಂಗಳು, ಜುಲೈ-ಆಗಸ್ಟ್) ಮಳೆಯಲ್ಲಿ ಬಿಸಿಲೆಲ್ಲಿಂದ ತರುವುದು, ನಾನು ಹಳೆಯ ಬೈರಾಸಿನ (ಟವೆಲಿನ) ಮೇಲೆ ಹರಡಿ ಫ್ಯಾನ್ ಕೆಳಗೆ ಎರಡು ದಿನ ಬಿಡುತ್ತೇನೆ. ಈ ಹುಡಿಯನ್ನು ಹೆಚ್ಚು ಹುರಿಯಬಾರದು. ಗಂಜಿ ದಪ್ಪಗೆ ಬೆಂದ ಮೇಲೆ ಒಲೆಯಿಂದ ಇಳಿಸಿ, ಕುದಿ ಪೂರ್ತಿ ಇಳಿದು ಸ್ವಲ್ಪ ಆರಿದಾಗ ಒಂದು ಚಮಚ ಮೊಳಕೆ ಹುಡಿ ಹಾಕಿ ಕದಡಿ. ನೋಡನೋಡುತ್ತಾ ಗಂಜಿ ತೆಳ್ಳಗಾಗುತ್ತದೆ, ನೀರು ಹಾಕದೆಯೇ! ಮೊಳಕೆಯಲ್ಲಿರುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ, ಸ್ವಲ್ಪ ಸಿಹಿಯೂ ಬರುತ್ತದೆ. ಆಮೇಲೆ ಇನ್ನೊಮ್ಮೆ ಕುದಿಸಿ ಇಳಿಸಿ. ಹಿಟ್ಟು ಅಷ್ಟೇ ಇದ್ದು ಗಂಜಿ ಮಾತ್ರ ಹಗುರ. ಸಣ್ಣ ಹೊಟ್ಟೆಗೆ ಇದಕ್ಕಿಂತ ಉಪಾಯ ಬೇಡ.

ಚಮಚವೇ ಬೇಡ ಅನ್ನುವ ಮಗುವಾದರೆ ರಾಗಿ ಮಣ್ಣಿ ಮಾಡಿ. ನೆನೆಸಿದ ರಾಗಿ ಅರೆದು ಹಾಲು ಸೋಸಿ, ಬೆಲ್ಲ, ತೆಂಗಿನಹಾಲು ಹಾಕಿ ತಳ ಬಿಡುವವರೆಗೆ ಮಗುಚಿ, ತುಪ್ಪ ಸವರಿದ ತಟ್ಟೆಗೆ ಹೊಯ್ದು ತುಂಡು ಮಾಡಿ. ಕೈಯಲ್ಲಿ ಹಿಡಿದು ತಿನ್ನುವುದಕ್ಕೆ ತಕರಾರಿರುವುದಿಲ್ಲ.

ತಂದೆ, ಮಣಿಪಾಲ

ನನ್ನ ಬುದ್ಧಿವಂತಿಕೆಯ ಕತೆ ಕೇಳಿ, ಮಾಡಬೇಡಿ. ಉದ್ದ ಲೋಟದಲ್ಲಿ ಹಣ್ಣು, ಐಸ್‌ಕ್ರೀಮ್ ಪದರ ಪದರವಾಗಿ ಹಾಕಿ ಕೊಡುವ ಗಡ್‌ಬಡ್ ಎಂದರೆ ಮಗಳಿಗೆ ಪ್ರಾಣ. ಉದ್ದ ಗಾಜಿನ ಲೋಟ ತಂದು ಅಡಿಯಲ್ಲಿ ಬಾಳೆಹಣ್ಣು, ಮೇಲೆ ತಣ್ಣಗಾದ ರಾಗಿ, ಮತ್ತೆ ದಾಳಿಂಬೆ, ಮತ್ತೆ ರಾಗಿ, ತುದಿಗೆ ಗೇರುಬೀಜ, ಉದ್ದ ಚಮಚ. ‘ರಾಗಿ ಗಡ್‌ಬಡ್’ ಅಂತ ಹೆಸರಿಟ್ಟೆ. ಮೊದಲ ದಿನ ಲೋಟ ಖಾಲಿ. ನಾನು ಆಫೀಸಿನಲ್ಲೆಲ್ಲ ಹೇಳಿಕೊಂಡು ಬಂದೆ. ನಾಲ್ಕನೆಯ ದಿನ ಅವಳು ಚಮಚವನ್ನು ತಳದವರೆಗೆ ಇಳಿಸಿ ಹುಡುಕಿ, “ಅಪ್ಪ, ಐಸ್‌ಕ್ರೀಮ್ ಎಲ್ಲಿ?” ಅಂದಳು. ಆ ದಿನದಿಂದ ಲೋಟವೂ ಇಲ್ಲ, ರಾಗಿಯೂ ಇಲ್ಲ. ಸುಳ್ಳು ಹೆಸರಿಟ್ಟದ್ದು ನನ್ನ ತಪ್ಪು. ಈಗ ಅವಳೇ ಸ್ಟೂಲ್ ಹತ್ತಿ ಹಿಟ್ಟು ಕಲಸುತ್ತಾಳೆ. ಅರ್ಧ ನೆಲಕ್ಕೆ, ಅರ್ಧ ಪಾತ್ರೆಗೆ. ಕಲಸಿದ್ದರಲ್ಲಿ ಸ್ವಲ್ಪ ತಿನ್ನುತ್ತಾಳೆ. ಸದ್ಯಕ್ಕೆ ಅಷ್ಟು ಸಾಕು.

ಆಹಾರ ಸಲಹೆಗಾರ್ತಿ, ಮಂಗಳೂರು

ಎರಡರಿಂದ ಆರು ವರ್ಷದ ನಡುವೆ ಹೊಸ ತಿಂಡಿಯನ್ನು ಅನುಮಾನದಿಂದ ನೋಡುವುದು ಮಕ್ಕಳ ಸಹಜ ಗುಣ. ಇದು ಹಠವೂ ಅಲ್ಲ, ನಿಮ್ಮ ಸೋಲೂ ಅಲ್ಲ. ಒಂದು ಹೊಸ ರುಚಿ ಒಪ್ಪಿಗೆಯಾಗಲು 8-10 ಸಲ, ಕೆಲವು ಮಕ್ಕಳಿಗೆ 15 ಸಲ ಬೇಕಾಗುತ್ತದೆ. ಕದ್ರಿಯವರ ಹನ್ನೊಂದು ಈ ಲೆಕ್ಕಕ್ಕೇ ಬಂತು ನೋಡಿ. ಆದರೆ ಒತ್ತಾಯದಿಂದ ತುರುಕಿದ್ದು ಈ ಎಣಿಕೆಗೆ ಬರುವುದಿಲ್ಲ. ಅದು ಹಿಂದಕ್ಕೇ ಎಳೆಯುತ್ತದೆ. ಏನು, ಯಾವಾಗ ಅನ್ನುವುದು ನಿಮ್ಮ ಕೈಯಲ್ಲಿರಲಿ, ಎಷ್ಟು ಅನ್ನುವುದನ್ನು ಮಗುವಿಗೆ ಬಿಡಿ.

ನಿಮ್ಮ ಆತಂಕವನ್ನೂ ಸ್ವಲ್ಪ ಇಳಿಸುತ್ತೇನೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬಿಳಿ ಅಕ್ಕಿಯಲ್ಲಿ ಹತ್ತರ ಆಸುಪಾಸು. ರಾಗಿ ಒಳ್ಳೆಯದೇ, ಸಂಶಯವಿಲ್ಲ. ಆದರೆ ಮೂರು ವರ್ಷದ ಮಗುವಿನ ಬಟ್ಟಲಿಗೆ ನೀವು ಹಾಕುವುದು 20 ಗ್ರಾಂ ಹಿಟ್ಟು, ಅಂದರೆ 70 ಮಿಲಿಗ್ರಾಂ. ಅರ್ಧ ಲೋಟ ಹಾಲಿನಲ್ಲಿ ಅದಕ್ಕಿಂತ ಹೆಚ್ಚು ಸಿಗುತ್ತದೆ. ಒಂದು ತಿಂಗಳು ರಾಗಿ ತಿನ್ನದಿದ್ದರೆ ಆಕಾಶ ಬೀಳುವುದಿಲ್ಲ. ಹಾಗಂತ ಹಾಲನ್ನೇ ಕುಡಿಸುತ್ತಾ ಹೋಗಬೇಡಿ. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಕುಡಿದ ಮಗುವಿಗೆ ಹಸಿವೇ ಇರುವುದಿಲ್ಲ, ಗಂಜಿಯ ಮೇಲೆ ಸುಮ್ಮನೆ ದೂರು. ಎದ್ದ ಕೂಡಲೇ ಒಂದು ದೊಡ್ಡ ಲೋಟ ಹಾಲು ಕೊಡುತ್ತಿದ್ದರೆ ಮೊದಲು ಅದನ್ನು ತಿಂಡಿಯ ನಂತರಕ್ಕೆ ಹಾಕಿ.

ಚಾಕಲೇಟು ಉಂಡೆಯ ಪೊಟ್ಟಣದ ಹಿಂಬದಿ ಓದಿ. ಯಾವುದು ಹೆಚ್ಚಿದೆಯೋ ಅದರ ಹೆಸರು ಮೊದಲು ಬರುತ್ತದೆ. ಸಕ್ಕರೆ ಎಷ್ಟನೆಯದು ಅಂತ ನೋಡಿದರೆ ಮಗ ಯಾವುದರ ಆಸೆಗೆ ಬಿದ್ದಿದ್ದ ಎಂದು ತಿಳಿಯುತ್ತದೆ. ಹಾಗೆಯೇ ಗಂಜಿಗೆ ಬೆಲ್ಲ ಸುರಿದು ಗೆಲ್ಲಲು ಹೋಗಬೇಡಿ. ಮಾಗಿದ ಬಾಳೆಹಣ್ಣನ್ನೋ ಖರ್ಜೂರವನ್ನೋ ಹಿಸುಕಿ ಹಾಕಿದರೆ ಸಾಕು. ಮಗುವಿನ ತೂಕ ಏರದಿದ್ದರೆ, ತಿನ್ನುವಾಗ ಪದೇ ಪದೇ ಕೆಮ್ಮು ಬಂದರೆ ಅಥವಾ ಗಂಟಲಿಗೆ ಸಿಕ್ಕಿಕೊಂಡರೆ ಮಾತ್ರ ಮಕ್ಕಳ ಡಾಕ್ಟರಿಗೆ ತೋರಿಸಿ.

ತಾಯಿ, ಉಡುಪಿ

‘ಮಣ್ಣು’ ಅನ್ನುವ ಮಾತು ನಮ್ಮನೆಯಲ್ಲೂ ಬಂದಿತ್ತು. ಅತ್ತೆ ‘ಬಾ ಮಾಣಿ, ಮಣ್ಣಿ ತಿನ್ನು’ ಅಂದದ್ದು ಮಗನ ಕಿವಿಗೆ ‘ಮಣ್ಣು ತಿನ್ನು’ ಎಂದು ಕೇಳಿತು. ಅಳುವೋ ಅಳು. ನನಗೆ ತಟ್ಟನೆ ಹೊಳೆದದ್ದು, ಮಠಕ್ಕೆ ಹೋದಾಗೆಲ್ಲ ನೋಡುವ ಕೃಷ್ಣ. “ಕೃಷ್ಣನೂ ಮಣ್ಣು ತಿಂದಿದ್ದನಲ್ಲ, ಯಶೋದೆ ಬಾಯಿ ತೆರೆಸಿದಾಗ ಎಂತ ಕಂಡಿತು?” ಅಂದೆ. ಕತೆ ಅವನಿಗೆ ಗೊತ್ತುಂಟು. ಒಂದು ಚಮಚ ಬಾಯಿಗಿಟ್ಟು ನುಂಗಿ, ಕನ್ನಡಿಯ ಮುಂದೆ ಓಡಿ, ಬಾಯಿ ಅಗಲಿಸಿ ನೋಡಿದ. “ಬ್ರಹ್ಮಾಂಡ ಕಾಣ್ತಾ ಇಲ್ಲ” ಅಂದ. “ಒಂದು ಚಮಚಕ್ಕೆ ಎಲ್ಲಿ ಕಾಣ್ತದೆ?” ಎಂದರು ಅತ್ತೆ, ಒಲೆಯ ಹತ್ತಿರದಿಂದಲೇ. ಆ ದಿನ ಆರು ಚಮಚ ಹೋಯಿತು. ದಿನಾ ಈ ಕತೆ ನಡೆಯುವುದಿಲ್ಲ, ಮೂರು ದಿನಕ್ಕೆ ಹಳತಾಯಿತು. ಅಷ್ಟರಲ್ಲಿ ರುಚಿ ನಾಲಿಗೆಗೆ ಹತ್ತಿತ್ತು.

ನಿವೃತ್ತ ಮೇಷ್ಟ್ರು, ಕಾರ್ಕಳ

ಮೊನ್ನೆ ಆಟಿ ಅಮಾವಾಸ್ಯೆಗೆ ಮೊಮ್ಮಕ್ಕಳು ಊರಿಗೆ ಬಂದಿದ್ದರು. ಹಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ ಕುಡಿಸಿದೆವು. ಆ ಕಹಿ ಕುಡಿದವರೇ ಬಲ್ಲರು. ಅದರ ಬೆನ್ನಿಗೆ ಮೆಂತೆ ಗಂಜಿ ಬಂತು ನೋಡಿ, ಹೊಸ ರುಚಿಯೆಂದು ಒಬ್ಬರೂ ಮೂಗು ಮುರಿಯಲಿಲ್ಲ. ಕಹಿಯ ನಂತರ ತೆಂಗಿನಹಾಲು, ಬೆಲ್ಲದ ಗಂಜಿ ಯಾರಿಗೆ ಬೇಡ? ವರ್ಷಕ್ಕೊಮ್ಮೆಯ ಉಪಾಯ, ನಿಮಗೆ ದಿನಾ ಆಗದು. ಆದರೆ ಇನ್ನೊಂದು ಮಾಡಬಹುದು. ಅಂಗಳದಿಂದ ಹಲಸಿನ ಎಲೆ ತಂದು ತೊಳೆದು, ಕೋನ್ ಹಾಗೆ ಮಡಚಿ, ತೆಂಗಿನ ಗರಿಯ ಕಡ್ಡಿಯ ತುಂಡು ಚುಚ್ಚಿದರೆ ಚಮಚ. ನಾವೆಲ್ಲ ಗಂಜಿ ಉಂಡದ್ದು ಅದರಲ್ಲೇ. ಸ್ಟೀಲ್ ಚಮಚ ಕಂಡರೆ ಬಾಯಿ ಮುಚ್ಚುವ ಸಣ್ಣ ಮೊಮ್ಮಗಳು ಎಲೆಯ ಚಮಚದಲ್ಲಿ ತಾನೇ ಮೊಗೆದು ಮೊಗೆದು ಸುರಿದುಕೊಂಡಳು. ಕಡ್ಡಿಯ ತುದಿ ಮಾತ್ರ ಒಳಗೆ ಚಾಚಿಕೊಂಡಿರದಂತೆ ನೋಡಿಕೊಳ್ಳಿ.

ಓದುಗರು, ಉಳ್ಳಾಲ

ರಾಗಿಗೆ ಯಾಕಿಷ್ಟು ಗಲಾಟೆ ಮಾರಾಯ್ರೆ? ನನ್ನ ಮಗನಿಗೂ ಹೀಗೇ ಬೆನ್ನು ಬಿದ್ದಿದ್ದೆ, ಮೇಲೆ ಬರೆದವರ ಉಪಾಯಗಳಲ್ಲಿ ಅರ್ಧದಷ್ಟನ್ನು ಆಗಲೇ ಮಾಡಿ ನೋಡಿದ್ದೇನೆ. ಈಗ ಅವನಿಗೆ ಇಪ್ಪತ್ತೆರಡು. ಇವತ್ತಿಗೂ ರಾಗಿ ಮುಟ್ಟುವುದಿಲ್ಲ. ಕುಚ್ಚಲಕ್ಕಿ ಗಂಜಿಯಾದರೆ ಮೂರು ಬಟ್ಟಲು ಉಣ್ಣುತ್ತಾನೆ, ಮಿಡಿ ಉಪ್ಪಿನಕಾಯಿ ಮಾತ್ರ ನಾನು ಹಾಕಿದ್ದೇ ಆಗಬೇಕು.