ಗಾಡಿ ನೀರು ‘ಕುಡಿಯುವುದು’, ‘ಸೋರುವುದು’, ‘ಒಸರುವುದು’: ಬಳಕೆಯ ಬಗ್ಗೆ ಒಂದು ವಿಚಾರಣೆ

ಸದಸ್ಯರೆಲ್ಲರಿಗೂ ನಮಸ್ಕಾರ.

ಚಿಕ್ಕಮಗಳೂರಿನ ಸುತ್ತಿನ ಗುಡ್ಡದ ಹಾದಿಗಳಲ್ಲಿ ಜೀಪು ಓಡಿಸುವ ಚಾಲಕರಿಗಾಗಿ ಎರಡು ಪುಟದ ಕನ್ನಡ ಕೈಪಿಡಿಯೊಂದನ್ನು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಇಂಜಿನ್ ಕಾವೇರಿದಾಗ ಏನನ್ನು ನೋಡಬೇಕು, ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಕಂಡರೆ ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ ಎಳೆಸಿಕೊಂಡು ಹೋಗಬೇಕು ಎನ್ನುವಷ್ಟೇ ಅದರ ವಿಷಯ. ಯಂತ್ರದ ಸಂಗತಿ ನನಗೆ ಅಷ್ಟೇನೂ ತೊಡಕಾಗಲಿಲ್ಲ, ತೊಡಕಾದದ್ದು ಕ್ರಿಯಾಪದಗಳು. ನಾಮಪದ ಸಿಗದಿದ್ದರೆ ರೇಡಿಯೇಟರ್, ಗ್ಯಾಸ್ಕೆಟ್, ಫ್ಯಾನ್ ಬೆಲ್ಟ್ ಎಂದು ಇದ್ದುದನ್ನು ಇದ್ದಂತೆ ಬರೆದುಬಿಡಬಹುದು. ಕ್ರಿಯಾಪದ ತಪ್ಪಿದರೆ ಓದಿದವನು ತಪ್ಪು ಕಡೆ ಕೈ ಹಾಕುತ್ತಾನೆ. ಆದ್ದರಿಂದ ಕೆಲವು ಪದಗಳ ಬಗ್ಗೆ ತಮ್ಮೆಲ್ಲರ ಅಭಿಪ್ರಾಯ ಕೇಳುತ್ತಿದ್ದೇನೆ.

ಪ್ರಶ್ನೆ ಹುಟ್ಟಿದ ಸಂದರ್ಭವನ್ನು ಹೇಳುವುದು ಉಚಿತ. ಮಳೆಗಾಲ ಮುಗಿದ ಹೊಸದರಲ್ಲಿ ಹಳೆಯದೊಂದು ಡೀಸೆಲ್ ಜೀಪಿನಲ್ಲಿ ತೋಟದ ಏರುದಾರಿ ಹತ್ತುತ್ತಿದ್ದೆವು. ಅರ್ಧ ದಾರಿಯಲ್ಲಿ ಕಾವಿನ ಮುಳ್ಳು ಮೇಲಕ್ಕೆ ಸರಿಯಿತು. ಚಾಲಕರು ಸಮತಟ್ಟಾದ ಜಾಗ ನೋಡಿ ನಿಲ್ಲಿಸಿದರು, ಬಾನೆಟ್ ಎತ್ತಿದರು, ಇಂಜಿನ್ನಿನ ನೀರನ್ನು ತಣಿಸುವ ರೇಡಿಯೇಟರಿನ ಮುಚ್ಚಳವನ್ನು ಮುಟ್ಟಲಿಲ್ಲ. ಮೊದಲು ಬಗ್ಗಿ ಗಾಡಿಯ ಅಡಿಯ ನೆಲವನ್ನು ನೋಡಿದರು, ಒಣಗಿತ್ತು. ಮೇಲಿನ ಮತ್ತು ಕೆಳಗಿನ ಹೋಸ್ ಪೈಪುಗಳ ಕ್ಲಿಪ್ಪಿನ ಸುತ್ತ ಬೆರಳಾಡಿಸಿ ಬೆರಳನ್ನು ಮೂಸಿದರು. ಕೊನೆಗೆ ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು ಬಟ್ಟೆಗೆ ಒರೆಸಿ ನನಗೆ ತೋರಿಸಿದರು. ಬಟ್ಟೆಯ ಮೇಲೆ ಕರಿಯ ಆಯಿಲಿನ ಬದಲು ಹಾಲು ಹೆಚ್ಚಾದ ಕಾಫಿಯ ಬಣ್ಣದ, ಸ್ವಲ್ಪ ನೊರೆಯಂತಹ ಪದಾರ್ಥವಿತ್ತು. “ಸೋರ್ತಿಲ್ಲ ಸಾರ್, ಕುಡೀತಾ ಇದೆ” ಎಂದರು.

ಆ ಒಂದು ವಾಕ್ಯದಲ್ಲಿ ರೋಗನಿರ್ಣಯ ಪೂರ್ತಿಯಾಗಿತ್ತು. ಸೋರಿದ್ದರೆ ಇಂಜಿನ್ನನ್ನು ತಣಿಸುವ ನೀರು ಹೊರಗೆ ಹೋಗಿದೆ. ಕುಡಿದಿದ್ದರೆ ಒಳಗೆ ಹೋಗಿದೆ. ಸಿಲಿಂಡರ್ ಹೆಡ್ಡಿಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ (ಸಂದು ಮುಚ್ಚುವ ತೆಳು ಹಾಳೆ) ಸುಟ್ಟು ಅಥವಾ ಹೆಡ್ಡಿನಲ್ಲಿ ಬಿರುಕು ಬಿಟ್ಟು, ನೀರು ಆಯಿಲಿನ ದಾರಿಗೋ ಉರಿಯುವ ಕೋಣೆಗೋ ನುಗ್ಗಿದಾಗ ಹೊರಗೆ ಒಂದು ಹನಿಯೂ ಕಾಣದೆ ನೀರಿನ ಮಟ್ಟ ಇಳಿಯುತ್ತದೆ. ಆಯಿಲಿಗೆ ಸೇರಿದರೆ ಮೇಲೆ ಹೇಳಿದ ಕಾಫಿ ಬಣ್ಣ ಬರುತ್ತದೆ; ಉರಿಯುವ ಕೋಣೆಗೆ ಸೇರಿದರೆ ಇಂಜಿನ್ ಬಿಸಿಯಾದ ಮೇಲೂ ಹೊಗೆ ಕೊಳವೆಯಿಂದ ಬಿಳಿಯ ಆವಿ ನಿಲ್ಲದೆ ಬರುತ್ತದೆ. ಅಲ್ಲಿಂದ ಅನಿಲ ನೀರಿನ ದಾರಿಗೆ ತಿರುಗಿ ನುಗ್ಗುವುದೂ ಉಂಟು. ಆಗ ತಣ್ಣಗಿದ್ದ ಇಂಜಿನ್ನನ್ನು ಮುಚ್ಚಳ ತೆಗೆದಿಟ್ಟು ಚಾಲೂ ಮಾಡಿದರೆ ರೇಡಿಯೇಟರಿನ ಬಾಯಲ್ಲಿ ಗುಳ್ಳೆಗಳು ಬಿಡದೆ ಏಳುತ್ತವೆ.

‘ಕುಡಿ’ ಎಂಬ ಧಾತು ಇಲ್ಲಿಗೆ ಬಂದ ಬಗೆಯೂ ಗಮನಾರ್ಹ. “ಈ ಗಾಡಿ ಪೆಟ್ರೋಲ್ ಕುಡಿಯುತ್ತದೆ” ಎಂದಾಗ ಅದು ದೋಷವಲ್ಲ, ಮಿತಿಮೀರಿದ ಖರ್ಚಿನ ಬಗೆಗಿನ ದೂರು. ಪೆಟ್ರೋಲ್ ಇರುವುದೇ ಇಂಜಿನ್ನಿನ ಒಳಗೆ ಹೋಗಿ ಉರಿಯುವುದಕ್ಕೆ. “ಆಯಿಲ್ ಕುಡಿಯುತ್ತದೆ” ಎಂದರೆ ಉರಿಯಬಾರದ ಆಯಿಲ್ ಸ್ವಲ್ಪ ಸ್ವಲ್ಪವೇ ಉರಿದುಹೋಗುತ್ತಿದೆ ಎಂದು, ಅಂದರೆ ಸವೆತದ ಸೂಚನೆ. “ನೀರು ಕುಡಿಯುತ್ತದೆ” ಎಂಬುದಕ್ಕೆ ಮಾತ್ರ ಮಿತಿಯೊಳಗಿನ ರೂಪವೇ ಇಲ್ಲ. ಮುಚ್ಚಿದ ದಾರಿಯಲ್ಲಿ ಸುತ್ತುವ ನೀರು ಒಂದು ಲೋಟವೂ ಒಳಗೆ ಹೋಗಬಾರದು. ಒಂದೇ ಕ್ರಿಯಾಪದ, ಕರ್ಮ ಬದಲಾದಂತೆ ಗೊಣಗಾಟದಿಂದ ಅಪಾಯಕ್ಕೆ ಏರುತ್ತದೆ. ನನ್ನ ಮಟ್ಟಿಗೆ ಇದು ಅಚ್ಚುಕಟ್ಟಾದ ಬಳಕೆ, ಕೈಪಿಡಿಯಲ್ಲಿ ಹಾಗೆಯೇ ಉಳಿಸಿಕೊಳ್ಳಬೇಕು ಎನ್ನಿಸಿತ್ತು.

ಆದರೆ ಬೇರೆ ಕೆಲವು ಗ್ಯಾರೇಜುಗಳಲ್ಲಿ ವಿಚಾರಿಸಿದಾಗ, ಮಟ್ಟ ಯಾವ ಕಾರಣದಿಂದ ಇಳಿದರೂ ‘ನೀರು ಕುಡೀತಿದೆ’ ಎನ್ನುವವರೇ ಹೆಚ್ಚಾಗಿ ಸಿಕ್ಕಿದರು. ಅವರ ಪಾಲಿಗೆ ಅದು ಕೇವಲ “ಪದೇ ಪದೇ ನೀರು ಹಾಕಬೇಕಾಗುತ್ತಿದೆ” ಎಂಬುದರ ಇನ್ನೊಂದು ರೂಪ. ಹಾಗಾದರೆ ಆ ಚಾಲಕರ ಸೂಕ್ಷ್ಮವು ಅವರೊಬ್ಬರದೋ ಅಥವಾ ಒಂದು ಪ್ರದೇಶದ್ದೋ? ಧಾರವಾಡ, ಬಳ್ಳಾರಿ, ಮಂಗಳೂರು ಕಡೆಯ ಸದಸ್ಯರು ತಮ್ಮಲ್ಲಿನ ಲಾರಿ, ಟ್ರ್ಯಾಕ್ಟರ್ ಚಾಲಕರ ಬಾಯಲ್ಲಿ ಈ ಮಾತು ಹೇಗಿದೆ ಎಂದು ಕೇಳಿ ತಿಳಿಸಿದರೆ ಬಹಳ ಉಪಕಾರವಾಗುತ್ತದೆ.

‘ಕುಡಿ’ ಎಂಬುದು ಕೈಕೊಟ್ಟರೆ ಒಳಗಿನ ಸೋರಿಕೆಗೆ ‘ಇಂಗು’ ಎಂಬುದನ್ನು ಬಳಸಬಹುದೇ ಎಂದು ಯೋಚಿಸಿದೆ. ನೆಲಕ್ಕೆ ಬಿದ್ದ ನೀರು ಹೋದ ದಾರಿ ತಿಳಿಯದಂತೆ ಒಳಗೆ ಸೇರಿಹೋಗುವುದಕ್ಕೆ ನಾವು ಇಂಗುವುದು ಎನ್ನುತ್ತೇವೆ. ಕುರುಹು ಬಿಡದೆ ಒಳಸೇರುವ ಭಾವ ಇಲ್ಲಿಗೆ ಹೊಂದುತ್ತದೆ. ಆದರೆ ಅಡುಗೆಮನೆಯಲ್ಲಿ “ನೀರು ಇಂಗುವ ತನಕ ಬೇಯಿಸಿ” ಎಂದಾಗ ಅರ್ಧ ನೀರು ಕಾಳಿಗೂ ಅರ್ಧ ನೀರು ಆವಿಗೂ ಹೋಗುತ್ತದೆ, ಎರಡಕ್ಕೂ ಒಂದೇ ಮಾತು. ನಮ್ಮ ಸಂದರ್ಭದಲ್ಲಿ ಆವಿಯಾಗಿ ಹೋಗುವುದು ಬೇರೆಯೇ ಒಂದು ದೋಷವಾದ್ದರಿಂದ ಅದನ್ನು ಇದರೊಂದಿಗೆ ಬೆರೆಸುವಂತಿಲ್ಲ.

ಆ ಬೇರೆ ದೋಷವೆಂದರೆ ಮುಚ್ಚಳದ್ದು. ರೇಡಿಯೇಟರಿನ ಮುಚ್ಚಳ ಬರಿಯ ಮುಚ್ಚಳವಲ್ಲ, ಸ್ಪ್ರಿಂಗ್ ಇರುವ ಒತ್ತಡದ ಕವಾಟ. ಎಷ್ಟು ಒತ್ತಡ ಎಂಬುದು ಗಾಡಿಯಿಂದ ಗಾಡಿಗೆ ಬೇರೆ. ಈಚಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಹೊರಗಿನ ಗಾಳಿಯ ಒತ್ತಡಕ್ಕಿಂತ 1 ಬಾರ್ ಆಸುಪಾಸು ಹೆಚ್ಚಿರುತ್ತದೆ. ಅಷ್ಟು ಒತ್ತಡದಲ್ಲಿ ಬರಿಯ ನೀರು ಕೂಡ ಸುಮಾರು 120 ಡಿಗ್ರಿ ಸೆಲ್ಸಿಯಸ್ ತನಕ ಕುದಿಯುವುದಿಲ್ಲ, ನೀರು ಮತ್ತು ಗ್ಲೈಕಾಲ್ ಸಮಪಾಲು ಬೆರೆತ ಕೂಲೆಂಟ್ 125ನ್ನೂ ದಾಟಿ ತಡೆಯುತ್ತದೆ. ಮುಚ್ಚಳದ ರಬ್ಬರ್ ಒಣಗಿ ಸೀಳಿದರೆ ಈ ರಕ್ಷಣೆ ಹೋಗುತ್ತದೆ. ಎತ್ತರದಲ್ಲಿ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ: ಸುಮಾರು 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ ಒತ್ತಡವಿಲ್ಲದ ನೀರು 94 ಡಿಗ್ರಿಯ ಹೊತ್ತಿಗೇ ಕುದಿಯತೊಡಗುತ್ತದೆ, ಇಂಜಿನ್ನಿನ ನೀರು ದಿನನಿತ್ಯ ಮುಟ್ಟುವ ಕಾವು ಅದಕ್ಕಿಂತ ಹೆಚ್ಚು ದೂರವಿಲ್ಲ. ಹೀಗೆ ಹೊರಬೀಳುವುದಕ್ಕೆ ‘ಉಕ್ಕು’ ಎಂಬುದನ್ನೇ ನಾನು ಬರೆದಿದ್ದೇನೆ. ಒಲೆಯ ಮೇಲಿನ ಹಾಲನ್ನು ಕಂಡ ಯಾರಿಗೂ ಅದನ್ನು ವಿವರಿಸಬೇಕಿಲ್ಲ. ಉಕ್ಕಿದ ಮೇಲೆ ಪಾತ್ರೆಯ ಹೊರಮೈಯಲ್ಲಿ ಉಳಿಯುವ ಕರೆಯ ಹಾಗೆಯೇ ರೇಡಿಯೇಟರಿನ ಕೊರಳ ಸುತ್ತಲೂ ಕೂಲೆಂಟಿನ ಕರೆ ಉಳಿದಿರುತ್ತದೆ.

ಇನ್ನು ಹೊರಗಿನ ಸೋರಿಕೆ. ಇಲ್ಲಿ ಕನ್ನಡ ಬಡವಾಗಿಲ್ಲ, ಆಯ್ಕೆಯೇ ಕಷ್ಟ. ಕೆಳಗೆ ಕೊಚ್ಚೆಯಾಗುವಷ್ಟು ಹೋಗುತ್ತಿದ್ದರೆ ‘ಸೋರು’, ಹನಿಹನಿಯಾಗಿ ಎಣಿಸಬಹುದಾದಂತೆ ಬೀಳುತ್ತಿದ್ದರೆ ‘ತೊಟ್ಟಿಕ್ಕು’, ಹನಿಯೂ ಆಗದೆ ಮೈ ತೇವವಾಗುತ್ತಿದ್ದರೆ ‘ಜಿನುಗು’ ಅಥವಾ ‘ಒಸರು’ ಎಂದು ಇಟ್ಟುಕೊಂಡಿದ್ದೇನೆ. ಜಿನುಗು ಮತ್ತು ಒಸರು ನಡುವೆ ನನಗೆ ಒಂದು ವ್ಯತ್ಯಾಸ ಕಾಣುತ್ತದೆ. ಜಿನುಗುವುದು ಮೇಲಿನಿಂದಲೂ ಆಗಬಹುದು, ಮಳೆಯೂ ಜಿನುಗುತ್ತದೆ. ಒಸರುವುದು ಮಾತ್ರ ಯಾವುದೋ ಒಂದರ ಒಳಗಿನಿಂದಲೇ ಆಗಬೇಕು, ಹಲಸಿನ ತೊಟ್ಟಿನಿಂದ ಹಾಲು ಒಸರಿದ ಹಾಗೆ. ಹೋಸ್ ಪೈಪಿನ ಕ್ಲಿಪ್ ಸಡಿಲವಾಗಿ ತೇವ ಕಾಣಿಸಿಕೊಂಡರೆ ಎರಡೂ ಸಲ್ಲುತ್ತವೆ. ಆದರೆ ವಾಟರ್ ಪಂಪಿನ ಹೊಟ್ಟೆಯಡಿಯಲ್ಲಿ ತಯಾರಕರೇ ಬೇಕೆಂದು ಬಿಟ್ಟಿರುವ ಸಣ್ಣ ತೂತೊಂದಿದೆ. ಒಳಗಿನ ಸೀಲ್ ಸವೆದಾಗ ನೀರು ಬೇರಿಂಗಿಗೆ ನುಗ್ಗದೆ ಆ ತೂತಿನಿಂದ ಹೊರಬಂದು ಮುನ್ಸೂಚನೆ ಕೊಡಲಿ ಎಂಬುದು ಅದರ ಉದ್ದೇಶ. ಇಂಗ್ಲಿಷಿನವರು ಅದನ್ನು ಅಳುವ ತೂತು ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ನಮ್ಮ ಪಂಪು ಅಳುವುದು ಬೇಡ ಎಂದು ‘ಒಸರುಗಂಡಿ’ ಎಂಬ ಪದವನ್ನು ಕಟ್ಟಿದ್ದೇನೆ. ಗ್ಯಾರೇಜಿನಲ್ಲಿ ಅದಕ್ಕೆ ಹೆಸರೇ ಇಲ್ಲ. “ಪಂಪ್ ಹೋಗಿದೆ” ಎನ್ನುತ್ತಾರೆ, ತೂತನ್ನು ಬೆರಳಿಟ್ಟು ತೋರಿಸುತ್ತಾರೆ, ಅಷ್ಟೆ.

ರೇಡಿಯೇಟರ್ ಬಗ್ಗೆ ಹೇಳುವಾಗ ಇನ್ನೊಂದು ಇಬ್ಬಂದಿ ಎದುರಾಯಿತು. “ರೇಡಿಯೇಟರ್ ಕಟ್ಟಿಕೊಂಡಿದೆ” ಎಂದರೆ ಒಳಗಿನ ಕೊಳವೆಗಳಲ್ಲಿ ತುಕ್ಕು ಮತ್ತು ಸುಣ್ಣ ಕಟ್ಟಿಕೊಂಡಿದೆಯೋ, ಹೊರಗಿನ ತೆಳು ರೆಕ್ಕೆಗಳ ನಡುವೆ ಕೆಸರು ಕಟ್ಟಿಕೊಂಡಿದೆಯೋ ತಿಳಿಯುವುದಿಲ್ಲ. ಕಾಡುದಾರಿಯ ಗಾಡಿಗೆ ಎರಡನೆಯದೇ ಹೆಚ್ಚು. ಹಾದಿಯ ಮೇಲಿನ ಲಕ್ಷಣಗಳೂ ಬೇರೆ: ನಾಲ್ಕು ಚಕ್ರಕ್ಕೂ ಬಲ ಕೊಟ್ಟು ನಡಿಗೆಯ ವೇಗದಲ್ಲಿ ಏರುವಾಗ ಕಾದು, ಟಾರು ರಸ್ತೆಗೆ ಬಂದೊಡನೆ ತಣಿದರೆ ಗಾಳಿಯ ಕೊರತೆ, ಅಂದರೆ ಫ್ಯಾನೋ ಬೆಲ್ಟೋ ಕೆಸರೋ, ನಿಧಾನಕ್ಕೆ ಹೋದಾಗ ಸರಿಯಿದ್ದು ವೇಗದಲ್ಲಿ ಕಾದರೆ ಒಳಗಿನ ನೀರಿನ ಹರಿವಿನ ಕೊರತೆಯನ್ನು ಶಂಕಿಸಬೇಕು. ಆದ್ದರಿಂದ ಹೊರಗಿನದಕ್ಕೆ ‘ಕೆಸರು ಮೆತ್ತಿಕೊಂಡಿದೆ’, ಒಳಗಿನದಕ್ಕೆ ‘ಕಟ್ಟಿಕೊಂಡಿದೆ’ ಎಂದು ಬೇರ್ಪಡಿಸಿದ್ದೇನೆ. ಇದಕ್ಕೆ ಆಕ್ಷೇಪವಿರಲಾರದು ಎಂದುಕೊಂಡಿದ್ದೇನೆ.

ನನ್ನನ್ನು ನಿಜವಾಗಿ ಬೆಚ್ಚಿಬೀಳಿಸಿದ್ದು ‘ಆರು’ ಎಂಬ ಪದ. ಮೊದಲ ಕರಡಿನಲ್ಲಿ “ಇಂಜಿನ್ ಆರಿದ ಮೇಲೆ ಮುಚ್ಚಳ ತೆಗೆಯಿರಿ” ಎಂದು ಬರೆದಿದ್ದೆ. ನಮ್ಮ ಮನೆಯಲ್ಲಿ ಕಾಫಿ ಆರುತ್ತದೆ, ಅನ್ನ ಆರುತ್ತದೆ. ತಣ್ಣಗಾಗುವುದು ಎಂಬ ಅರ್ಥವೇ ನನ್ನ ಮನಸ್ಸಿನಲ್ಲಿತ್ತು. ಕರಡನ್ನು ಓದಿದ ಯುವಕನೊಬ್ಬ, “ಅಂದರೆ ಆಫ್ ಮಾಡಿದ ಮೇಲೆ ತಾನೇ?” ಎಂದು ಕೇಳಿದ. ದೀಪ ಆರುತ್ತದೆ, ಒಲೆ ಆರುತ್ತದೆ, ಹಾಗಾದರೆ ಇಂಜಿನ್ ಆರುವುದೆಂದರೆ ನಿಂತುಹೋಗುವುದೇ ಎಂಬ ಅವನ ತರ್ಕದಲ್ಲಿ ತಪ್ಪಿಲ್ಲ. ಆದರೆ ಆಫ್ ಮಾಡಿದ ಕೂಡಲೇ ಮುಚ್ಚಳ ತಿರುಗಿಸಿದರೆ ಒಳಗಿನ ಒತ್ತಡ ಒಮ್ಮೆಲೇ ಇಳಿದು, 100 ಡಿಗ್ರಿ ದಾಟಿದ ದ್ರವ ಆ ಕ್ಷಣವೇ ಆವಿಯಾಗಿ ಮುಖಕ್ಕೂ ಕೈಗೂ ಚಿಮ್ಮುತ್ತದೆ. ಒಂದು ಧಾತುವಿನ ಎರಡು ಅರ್ಥಗಳ ನಡುವೆ ಒಬ್ಬನ ಮೈ ಬೇಯಬಹುದಾಗಿತ್ತು. ಈಗ ಆ ವಾಕ್ಯವನ್ನು “ಇಂಜಿನ್ ನಿಲ್ಲಿಸಿ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಕಾಯಿರಿ, ಮೇಲಿನ ಹೋಸ್ ಪೈಪ್ ಕೈಗೆ ತಣ್ಣಗೆ, ಮೆತ್ತಗೆ ಸಿಕ್ಕ ಮೇಲೆಯೇ ಮುಚ್ಚಳ ಮುಟ್ಟಿರಿ” ಎಂದು ತಿದ್ದಿದ್ದೇನೆ. ಬರೆದ ಮೇಲೆ ನೋಡಿದರೆ ‘ಕಾಯಿರಿ’ ಎಂಬುದರಲ್ಲಿಯೂ ಬಿಸಿಯಾಗುವ ಅರ್ಥ ಅಡಗಿ ಕುಳಿತಿದೆ! ಇಲ್ಲಿ ವಾಕ್ಯದ ಸಂದರ್ಭ ಅದನ್ನು ಹತೋಟಿಯಲ್ಲಿಡುತ್ತದೆ ಎಂಬ ನಂಬಿಕೆಯಿಂದ ಬಿಟ್ಟಿದ್ದೇನೆ. ‘ತಡೆಯಿರಿ’ ಮೇಲು ಎನ್ನುವವರಿದ್ದರೆ ತಿಳಿಸಬೇಕು.

‘ಕೂಲೆಂಟ್’ ಎಂಬುದರ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ. ‘ಶೀತಕ’ ಎಂದು ಬರೆದು ನೋಡಿದೆ, ಓದಿದ ಚಾಲಕರೊಬ್ಬರು “ಎಸಿ ಗ್ಯಾಸಾ?” ಎಂದರು, ಇನ್ನೊಬ್ಬರು ನೆಗಡಿಯ ಮಾತೆತ್ತಿ ನಕ್ಕರು. ಅದು ತಣಿಸುವುದಷ್ಟೇ ಅಲ್ಲದೆ ತುಕ್ಕು ತಡೆಯುತ್ತದೆ, ಹೆಪ್ಪುಗಟ್ಟದಂತೆಯೂ ಬೇಗ ಕುದಿಯದಂತೆಯೂ ನೋಡಿಕೊಳ್ಳುತ್ತದೆ ಎಂಬ ಕಾರಣಕ್ಕೆ ‘ಶೀತಕ’ ಅರೆಬರೆ ಪದವೂ ಹೌದು. ಕೂಲೆಂಟ್ ಎಂದೇ ಉಳಿಸಿದ್ದೇನೆ. ಮಟ್ಟ ತೀರ ಇಳಿದಾಗ ಕಾವಿನ ಸಂವೇದಕ ನೀರಿನಿಂದ ಹೊರಬಿದ್ದು ಮುಳ್ಳು ಸುಳ್ಳಾಗಿ ಕೆಳಗೆ ತೋರಿಸಬಹುದು ಎಂಬ ಎಚ್ಚರಿಕೆಯನ್ನು “ಮುಳ್ಳು ಇಳಿದರೂ ನಂಬಬೇಡಿ” ಎಂದು ಸೇರಿಸಿದ್ದೇನೆ. ನೀರಿನ ದಾರಿಯಲ್ಲಿ ಗಾಳಿ ಸಿಕ್ಕಿಕೊಳ್ಳುವುದಕ್ಕೆ, ತೋಟದ ಪಂಪುಸೆಟ್ಟಿನವರೆಲ್ಲ ಬಲ್ಲ ‘ಏರ್ ಹಿಡಿದಿದೆ’ ಎಂಬ ಮಾತೇ ಸಾಕಾಯಿತು. ಮೂತಿ ಮೇಲಾಗಿ ಗಾಡಿ ನಿಲ್ಲಿಸಿ ತುಂಬಿದರೆ ಗಾಳಿ ರೇಡಿಯೇಟರಿನ ಬಾಯಿಯ ಕಡೆಗೆ ಏರಿ ಬರುತ್ತದೆ ಎಂದು ಹೇಳಿದಾಗ ಯಾರೂ ಎರಡನೆಯ ಸಲ ಕೇಳಲಿಲ್ಲ.

ಉಳಿದದ್ದು ‘ಒಸರುಗಂಡಿ’. ಘಾಟಿ ರಸ್ತೆಗಳ ತಡೆಗೋಡೆಗಳಲ್ಲಿ ಮಣ್ಣಿನ ಹಿಂದೆ ನಿಂತ ನೀರು ಹೊರಬರಲೆಂದು ಸಾಲಾಗಿ ಬಿಡುವ ತೂತುಗಳಿಗೂ ಇಂಗ್ಲಿಷಿನಲ್ಲಿ ಇದೇ ಹೆಸರಿದೆ. ಆ ಗೋಡೆಗಳನ್ನು ಕಟ್ಟುವ ಮೇಸ್ತ್ರಿಗಳು ಅವನ್ನು ಏನೆಂದು ಕರೆಯುತ್ತಾರೆ ಎಂಬುದು ತಮ್ಮಲ್ಲಿ ಯಾರಿಗಾದರೂ ತಿಳಿದಿದ್ದರೆ, ನನ್ನ ಪದವನ್ನು ಹೊಡೆದುಹಾಕಿ ಅವರ ಪದವನ್ನೇ ಪಂಪಿಗೂ ಇಡಲು ಸಿದ್ಧನಿದ್ದೇನೆ.